ಹುಡುಗನಿಗೊಬ್ಬನಿಗೇ ಪಥ್ಯ ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಕ್ಕಳ ತೂಕದ್ದೇ. ಮೊದಲೆಲ್ಲ "ಡಾಕ್ಟ್ರೇ, ನಮ್ಮ ಕೂಸು ಉಣ್ಣೋದೇ ಇಲ್ಲ" ಅಂತ ಬರೆಯುವವರು ಜಾಸ್ತಿ ಇದ್ದರು, ಈಗ ಉಲ್ಟಾ ಆಗಿದೆ. ಅದಕ್ಕೇ ಪೂರ್ತಿ ಅಂಕಣ ಇದಕ್ಕೇ ಕೊಟ್ಟುಬಿಟ್ಟೆ. ಹೆಸರು ತೆಗೆದಿದ್ದೇನೆ, ಊರು ಮಾತ್ರ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಎತ್ತರ 135 ಸೆಂಟಿಮೀಟರ್, ತೂಕ 40 ಕೆಜಿ. ಕುತ್ತಿಗೆ ಹಿಂದೆ ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ನಮ್ಮ ಅತ್ತೆಯವರು "ಬೆಳೆಯೋ ಹುಡುಗ, ಎತ್ತರ ಆದಂಗ ಕರಗ್ತದ ಬಿಡು" ಅಂತಾರೆ. ಅವನ ಟೀಚರು ಡಯಟ್ ಮಾಡಿಸಿ ಅಂದರು. ರಾತ್ರಿ ಎರಡು ಚಪಾತಿ ಬದಲು ಒಂದೇ ಕೊಡ್ತಿದ್ದೇನೆ, ತಾಟಿನ ಮುಂದೆ ಕೂತು ಅಳ್ತಾನೆ. ಏನು ಮಾಡಲಿ?
ಒಬ್ಬ ತಾಯಿ, ಜಮಖಂಡಿ

ಉತ್ತರ: ಮೊದಲು ಆ ತಿಕ್ಕೋದನ್ನು ನಿಲ್ಲಿಸಿ ತಾಯಿ. ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಬೇಕಾದ್ದಕ್ಕಿಂತ ಜಾಸ್ತಿ ಓಡಾಡುತ್ತಿದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಯ ಚರ್ಮ ಹೀಗೆ ಕಪ್ಪಾಗಿ ಸ್ವಲ್ಪ ದಪ್ಪ ಆಗುತ್ತದೆ. ತೂಕ ಹಿಡಿತಕ್ಕೆ ಬಂದರೆ ಅದು ತಾನಾಗೇ ತಿಳಿಯಾಗುತ್ತಾ ಬರುತ್ತದೆ. ಕಡಲೆಹಿಟ್ಟನ್ನು ಝುಣಕಕ್ಕೆ ಇಟ್ಟುಕೊಳ್ಳಿ.

ಇನ್ನು ಲೆಕ್ಕ. 40 ಅನ್ನು 1.35ರಿಂದ ಎರಡು ಸಲ ಭಾಗಿಸಿ, ಹೆಚ್ಚುಕಮ್ಮಿ 22 ಬರುತ್ತದೆ. ಇದೇ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ. ದೊಡ್ಡವರಿಗೆ 22 ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಮಕ್ಕಳಿಗೆ ವಯಸ್ಸಿನ ಪ್ರಕಾರ ಅಳತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 9 ವರ್ಷದ ಹುಡುಗನಿಗೆ ನಡುಮಟ್ಟ 16, ಸುಮಾರು 20.5 ದಾಟಿದರೆ ಬೊಜ್ಜು ಅಂತ ಲೆಕ್ಕ. ನಮ್ಮ ಮಕ್ಕಳಿಗೇ ಅಂತ ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಮಾಡಿದ ಪಟ್ಟಿಯಲ್ಲೂ ನಿಮ್ಮ ಮಗ ಗೆರೆಯಾಚೆಗೇ ಬರುತ್ತಾನೆ.

ನಿಮ್ಮ ಅತ್ತೆಯವರ ಮಾತಲ್ಲಿ ಅರ್ಧ ನಿಜ ಇದೆ, ಅದನ್ನು ಬಿಡಬೇಡಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಬರುವ ವರ್ಷ ಅವನು 141 ಆಗಿ, ತೂಕ ಅದೇ 40ರಲ್ಲಿ ನಿಂತಿದ್ದರೆ ಬಿಎಂಐ 20ಕ್ಕೆ ಬರುತ್ತದೆ. ಒಂದು ಕೆಜಿಯನ್ನೂ ಇಳಿಸಬೇಕಾಗಿಲ್ಲ! ಬೆಳೆಯುವ ಮಗುವಿನ ದೊಡ್ಡ ಅನುಕೂಲವೇ ಇದು. ಉಳಿದರ್ಧ ಮಾತ್ರ ಸುಳ್ಳು, ಯಾಕಂದರೆ ಸುಮ್ನೆ ಬಿಟ್ಟರೆ ಎತ್ತರದ ಜೊತೆ ತೂಕವೂ ಏರುತ್ತಲೇ ಹೋಗುತ್ತದೆ, ತಾನಾಗಿ ನಿಲ್ಲಲ್ಲ.

ಹಾಗಾದರೆ ನಿಲ್ಲಿಸೋದು ಹೇಗೆ? ಇಲ್ಲೇ ನೀವು ದಾರಿ ತಪ್ಪುತ್ತಿರೋದು. ಮನೆಯವರೆಲ್ಲ ಬೇಕಾದಷ್ಟು ಉಣ್ಣುವಾಗ ಅವನೊಬ್ಬನ ತಾಟಿನಿಂದ ಚಪಾತಿ ಎತ್ತಿದರೆ ಅವನು ಅಳದೆ ಇನ್ನೇನು ಮಾಡಬೇಕು? ಇಸ್ರೇಲ್‌ನಲ್ಲಿ 60 ದಪ್ಪ ಮಕ್ಕಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದ್ದರು, 1998ರಲ್ಲಿ ಅದು ಪ್ರಕಟ ಆಯಿತು. ಎಲ್ಲರೂ 6ರಿಂದ 11 ವರ್ಷದವರು. ಅರ್ಧ ಮಕ್ಕಳಿಗೆ ತಜ್ಞರು ನೇರವಾಗಿ ಕೂರಿಸಿಕೊಂಡು ಹೇಳಿಕೊಟ್ಟರು. ಇನ್ನರ್ಧ ಮಕ್ಕಳನ್ನು ಕರೆಯಲೇ ಇಲ್ಲ, ಅವರ ತಂದೆತಾಯಿಯನ್ನಷ್ಟೇ ಕರೆದು ಮನೆಯಲ್ಲಿ ಏನು ತರಬೇಕು, ಎಲ್ಲಿ ಕೂತು ಉಣ್ಣಬೇಕು, ಟಿವಿ ಎಷ್ಟು ಹೊತ್ತು ಅಂತ ಮಾತಾಡಿದರು. ಯಾವ ಮಕ್ಕಳ ತೂಕ ಚೆನ್ನಾಗಿ ಹತೋಟಿಗೆ ಬಂತು ಗೊತ್ತಾ? ಕ್ಲಿನಿಕ್ಕಿನ ಮೆಟ್ಟಿಲೇ ಹತ್ತದವರದ್ದು. ಹೆಚ್ಚುವರಿ ತೂಕ ಅವರಲ್ಲಿ ಸರಾಸರಿ ಶೇ 14.6 ಇಳಿದಿತ್ತು, ನೇರವಾಗಿ ಪಾಠ ಕೇಳಿದವರಲ್ಲಿ ಸುಮಾರು ಶೇ 8.

ಅಮೆರಿಕದ ಲೆನಾರ್ಡ್ ಎಪ್‌ಸ್ಟೈನ್ ಅನ್ನೋರು ಇದಕ್ಕೂ ಮೊದಲೇ, 1990ರಲ್ಲಿ, ಹತ್ತು ವರ್ಷ ಬೆನ್ನು ಹತ್ತಿದ ಮಕ್ಕಳ ಲೆಕ್ಕ ಕೊಟ್ಟಿದ್ದರು. ಅಲ್ಲೂ ಅಪ್ಪ ಅಥವಾ ಅಮ್ಮ ತಾವೂ ಬದಲಾದ ಮನೆಯ ಮಕ್ಕಳೇ ಗೆದ್ದಿದ್ದು. ಹತ್ತು ವರ್ಷ ಅಂದರೆ ಆ ಮಕ್ಕಳು ಆಗಲೇ ಕಾಲೇಜು ವಯಸ್ಸಿಗೆ ಬಂದಿದ್ದರು ನೋಡಿ.

ನಿಮ್ಮ ಮನೆಗೆ ಇದನ್ನು ಹೇಗೆ ತರೋದು? ಚಪಾತಿ ವಾಪಸ್ ಕೊಡಿ. ಅದರ ಬದಲು ಜೋಳದ ರೊಟ್ಟಿ ಆದರೆ ಇನ್ನೂ ಒಳ್ಳೆಯದು, ಬದಿಗೆ ಮಡಕಿಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಹಸಿ ಮೆಂತೆ, ಸೌತೆಕಾಯಿ, ಮೊಸರು. ನಮ್ಮ ಕಡೆ ಊಟಕ್ಕೆ ಏನೂ ಕೇಡಿಲ್ಲ. ಕೇಡಿರೋದು ಊಟದ ನಡುವಿನ ಹೊತ್ತಿನಲ್ಲಿ. ಶಾಲೆಯಿಂದ ಬಂದ ಕೂಡಲೇ ಚಹಾದಲ್ಲಿ ಅದ್ದಿ ಅರ್ಧ ಪಾಕೀಟು ಬಿಸ್ಕೀಟು, ಆಮೇಲೆ ಐದು ರೂಪಾಯಿಯ ಖಾರದ ಪುಡಿಕೆ, ಸಂಜೆ ಅಪ್ಪ ತರೋ ಮಿರ್ಚಿ ಭಜಿ, ಕೈಯಲ್ಲಿ ಮೊಬೈಲು. ಕಿರಾಣಿ ಚೀಟಿಯಲ್ಲೇ ಬಿಸ್ಕೀಟು, ಚಿಪ್ಸು ಬರೆಯಬೇಡಿ. ಮನೆಯಲ್ಲಿ ಇದ್ದು ಅವನಿಗೆ ಮಾತ್ರ ಬೇಡ ಅನ್ನೋದು ಶಿಕ್ಷೆ, ಮನೆಗೇ ತರದಿದ್ದರೆ ಅದು ಮನೆಯ ಪದ್ಧತಿ. ಶಾಲೆಯಿಂದ ಬಂದಾಗ ಹಸಿವಾಗೇ ಆಗುತ್ತದೆ, ಆಗ ಕುದಿಸಿದ ಶೇಂಗಾ, ಬಾಳೆಹಣ್ಣು, ಇಲ್ಲ ಮಧ್ಯಾಹ್ನದ ರೊಟ್ಟಿ ಮೊಸರು ಕೊಡಿ. ಮಿರ್ಚಿ ಭಜಿ ತಿಂಗಳಿಗೊಮ್ಮೆ ಆಗಲಿ, ಎಲ್ಲರೂ ಕೂತು ತಿನ್ನಿ, ಅವನೂ ತಿನ್ನಲಿ. ಅತ್ತೆಯವರು ಸೆರಗಲ್ಲಿ ಮುಚ್ಚಿಕೊಂಡು ಕರದಂಟಿನ ತುಂಡು ಕೊಡೋದು ನನಗೂ ಗೊತ್ತು. ಅವರನ್ನು ಬೈಬೇಡಿ, ಈ ಅಂಕಣ ಓದಿ ಹೇಳಿ.

ನಿದ್ದೆಯನ್ನೂ ನೋಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಅದೇ ಮಕ್ಕಳನ್ನು ಒಂದು ವಾರ ಜಾಸ್ತಿ, ಇನ್ನೊಂದು ವಾರ ಕಡಿಮೆ ಮಲಗಿಸಿ ನೋಡಿದ ಅಧ್ಯಯನ ಇದೆ. ನಿದ್ದೆಗೆಟ್ಟ ವಾರದಲ್ಲಿ ಅವರು ದಿನಕ್ಕೆ ನೂರಕ್ಕೂ ಹೆಚ್ಚು ಕ್ಯಾಲರಿ ಜಾಸ್ತಿ ತಿಂದಿದ್ದರು. ಮಲಗೋ ಕೋಣೆಯಿಂದ ಮೊಬೈಲು ಹೊರಗೆ.

ಒಂದು ಸಲ ಮಕ್ಕಳ ಡಾಕ್ಟರಿಗೆ ಖಂಡಿತ ತೋರಿಸಿ. ಕುತ್ತಿಗೆ ಕಪ್ಪಾಗಿರೋದರಿಂದ ಸಕ್ಕರೆ, ಲಿವರ್, ಕೊಬ್ಬಿನಂಶ, ಬಿಪಿ ನೋಡಲೇಬೇಕು. ಹೌದು, ಮಕ್ಕಳಿಗೂ ಬಿಪಿ ಬರುತ್ತದೆ. ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ಇದೆ, ನಿಮಗೆ ದೂರವೂ ಅಲ್ಲ. ಎಲ್ಲರೂ ಕೇಳೋ ಥೈರಾಯ್ಡ್ ಬಗ್ಗೆ ಒಂದು ಮಾತು: ಥೈರಾಯ್ಡಿನಿಂದ ದಪ್ಪ ಆದ ಮಗು ಸಾಮಾನ್ಯವಾಗಿ ಕುಳ್ಳಗೇ ಉಳಿಯುತ್ತದೆ. ನಿಮ್ಮ ಮಗ ವಯಸ್ಸಿಗೆ ತಕ್ಕ ಎತ್ತರ ಇದ್ದಾನೆ, ಹಾಗಾಗಿ ಅದರ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕೆ ಆಗಲ್ಲ.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2023ರಲ್ಲಿ ಹೇಳಿದ್ದು, ಇಂಥ ಮಗು ಮತ್ತು ಮನೆಯವರ ಜೊತೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆ ಮುಖಾಮುಖಿ ಕೂತು ಕೆಲಸ ಮಾಡಬೇಕು ಅಂತ. ನಮ್ಮ ಓಪಿಡಿಯಲ್ಲಿ ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಪುಣ್ಯ. ಆ ಗಂಟೆಗಳನ್ನು ನೀವು ಮನೆಯಲ್ಲೇ ಹುಟ್ಟಿಸಿಕೊಳ್ಳಬೇಕು, ಬೇರೆ ದಾರಿ ನನಗಂತೂ ಕಾಣುತ್ತಿಲ್ಲ.

ಪ್ರಶ್ನೆ: ನಮ್ಮ ಮೊಮ್ಮಗ ಹುಟ್ಟಿದಾಗ 2.3 ಕೆಜಿ ಇದ್ದ. ಎಲ್ಲರೂ ಗಾಬರಿಯಾಗಿ ಹಾಲಿಗೆ ಸಕ್ಕರೆ, ಬೆಲ್ಲ, ತುಪ್ಪ, ಡಬ್ಬಿ ಪೌಡರು ಎಲ್ಲ ಕೊಟ್ಟು ಬೆಳೆಸಿದೆವು. ಈಗ ಒಂದೂವರೆ ವರ್ಷ, ಗುಂಡಗಿದ್ದಾನೆ. ನೋಡಿದವರು ದೃಷ್ಟಿ ಆಗ್ತದೆ ಅಂತಾರೆ. ಡಾಕ್ಟರು ಮಾತ್ರ ಸಿಹಿ ನಿಲ್ಲಿಸಿ ಅಂತಾರೆ. ಬೆಲ್ಲ ತಿಂದು ಯಾರು ಕೆಟ್ಟಿದ್ದಾರೆ?
ಒಬ್ಬ ಅಜ್ಜ, ಗೋಕಾಕ

ಉತ್ತರ: ಅಜ್ಜಾರೇ, ನಿಮ್ಮ ಡಾಕ್ಟರು ಸರಿ ಹೇಳಿದ್ದಾರೆ. ನಿಮಗೆ ಪುಣೆ ಹತ್ತಿರದ ಹಳ್ಳಿಗಳ ಕತೆ ಹೇಳಬೇಕು. ಅಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ 1993ರಿಂದ ಬಸುರಿಯರನ್ನು, ಆಮೇಲೆ ಅವರ ಮಕ್ಕಳನ್ನು ಅಳೆಯುತ್ತಾ ಬಂದರು. ಅಲ್ಲಿಯ ಕೂಸುಗಳು ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳು 3.5 ಕೆಜಿ. ನಮ್ಮವು ಎಲ್ಲದರಲ್ಲೂ ಸಣ್ಣವು, ಮಾಂಸಖಂಡವೂ ಕಡಿಮೆ. ಆದರೆ ಬೆನ್ನಿನ ಚರ್ಮ ಚಿವುಟಿ ಅಳೆದರೆ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇಲ್ಲ. ಅಂದರೆ ನೋಡೋಕೆ ಬಡಕಲು, ಒಳಗೆ ಕೊಬ್ಬು. ಇಂಥ ಕೂಸಿಗೆ ಆಮೇಲೆ ಬೇಗ ಬೇಗ ತೂಕ ಏರಿಸಿದರೆ ಅದು ಮಾಂಸಖಂಡಕ್ಕಿಂತ ಕೊಬ್ಬಾಗೇ ಜಾಸ್ತಿ ಕೂರುತ್ತದೆ, ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಆಗುತ್ತದೆ.

ಹಾಗಂತ ಉಪವಾಸ ಕೆಡವಬೇಡಿ ಮತ್ತೆ! 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಅತಿತೂಕದವರು ಶೇ 3.4. ಎರಡೂ ಒಂದೇ ಊರಲ್ಲಿ, ಕೆಲವು ಸಲ ಒಂದೇ ಮನೆಯಲ್ಲೇ ಇರುತ್ತವೆ. ಅವನಿಗೆ ಬೇಕಾದ್ದು ಬೇಳೆ, ತತ್ತಿ ತಿನ್ನುವವರಾದರೆ ತತ್ತಿ, ಮೊಸರು, ಸೊಪ್ಪು, ಮೆತ್ತಗೆ ಹಿಸುಕಿದ ರೊಟ್ಟಿ. ಇದರಲ್ಲಿ ಎತ್ತರ ಬರುತ್ತದೆ.

ಬೆಲ್ಲದ ವಿಷಯ. ಮಹಾಲಿಂಗಪುರದ ಪೇಟೆ, ಸುತ್ತ ಸಕ್ಕರೆ ಕಾರ್ಖಾನೆ, ಕಬ್ಬು ನಮ್ಮ ಅನ್ನ. ಆದರೂ ಹೇಳಬೇಕು, ಲಿವರಿಗೆ ಬೆಲ್ಲ ಸಕ್ಕರೆ ಅನ್ನೋ ಭೇದ ಹೆಚ್ಚೇನಿಲ್ಲ. ಎರಡು ವರ್ಷದವರೆಗೆ ಎರಡೂ ಬೇಡ. ಬ್ರಿಟನ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಸಕ್ಕರೆಗೆ ರೇಷನ್ ಹಾಕಿದ್ದರು, 1953ರ ಸೆಪ್ಟೆಂಬರಿಗೆ ಅದು ಮುಗಿಯಿತು, ಮುಗಿದ ಕೂಡಲೇ ಜನ ಹೆಚ್ಚುಕಮ್ಮಿ ಎರಡರಷ್ಟು ಸಕ್ಕರೆ ತಿನ್ನತೊಡಗಿದರು. ಆ ತಾರೀಕಿನ ಹಿಂದೆ ಮುಂದೆ ಹುಟ್ಟಿದವರು ಈಗ ಮುದುಕರಾಗಿದ್ದಾರಲ್ಲ, ಅವರನ್ನು ಹೋಲಿಸಿ ನೋಡಿದ್ದು 2024ರಲ್ಲಿ ಪ್ರಕಟ ಆಯಿತು. ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ಸಕ್ಕರೆ ಕಡಿಮೆ ಕಂಡವರಿಗೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ 35 ಕಡಿಮೆ, ಬಿಪಿಯದ್ದು ಸುಮಾರು ಶೇ 20 ಕಡಿಮೆ. ಮೊಮ್ಮಗನಿಗೆ ಇನ್ನೂ ಆರು ತಿಂಗಳು ಕೈಯಲ್ಲಿದೆ ಅಜ್ಜಾರೇ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಮಕ್ಕಳು ಕಟಾವಿನ ಹೊತ್ತಿಗೆ ದಿನಾ ತಿಂತಾರೆ. ದಪ್ಪ ಆಗ್ತಾರಾ?
ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಗೊಂಚಲು ಹಿಡಿದು ತಿಂದರೆ ಚಿಂತೆ ಬೇಡ, ಚೆನ್ನಾಗಿ ತೊಳೆದುಕೊಡಿ. ಜ್ಯೂಸ್ ಮಾಡಿದರೆ ಮಾತು ಬೇರೆ. ಒಂದು ಲೋಟಕ್ಕೆ ಎಷ್ಟು ಹಣ್ಣು ಹೋಗುತ್ತದೋ ಅಷ್ಟನ್ನು ಯಾವ ಮಗುವೂ ಕೂತು ಅಗಿದು ತಿನ್ನಲ್ಲ, ಅಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ.

ಪ್ರಶ್ನೆ: ನಾನು ಶಿಕ್ಷಕಿ. ನಮ್ಮ ಶಾಲೆಯಲ್ಲಿ ಕೆಲವು ಮಕ್ಕಳು ತೀರಾ ಸಣ್ಣ, ಕೆಲವರು ಐದನೇ ಕ್ಲಾಸಿಗೇ ಮೆಟ್ಟಿಲು ಹತ್ತಿದರೆ ತೇಕುತ್ತಾರೆ. ಗೇಟಿನ ಎದುರೇ ಪುಡಿಕೆ, ಬಣ್ಣದ ಪೆಪ್ಸಿ ಮಾರುವ ಅಂಗಡಿ. ಶಾಲೆ ಕಡೆಯಿಂದ ಏನು ಮಾಡಿದರೆ ನಿಜವಾಗಿ ಉಪಯೋಗ?
ಬಸವನ ಬಾಗೇವಾಡಿ

ಉತ್ತರ: ಟೀಚರ್, "ನಿಜವಾಗಿ" ಅಂತ ಕೇಳಿದಿರಲ್ಲ, ಖುಷಿಯಾಯಿತು. ಯಾಕಂದರೆ ಶಾಲೆಯಲ್ಲಿ ಮಾಡೋ ಬಹಳ ಕಾರ್ಯಕ್ರಮಗಳು ಫೋಟೋಕ್ಕೆ ಚೆಂದ, ಮಕ್ಕಳ ಮೈಗೆ ಮುಟ್ಟಲ್ಲ. ಇಂಗ್ಲೆಂಡಿನ 54 ಶಾಲೆಗಳಲ್ಲಿ 6-7 ವರ್ಷದ ಮಕ್ಕಳಿಗೆ ಒಂದು ವರ್ಷ ದಿನಾ ಅರ್ಧ ಗಂಟೆ ಹೆಚ್ಚಿಗೆ ಆಟ, ಪೋಷಕರ ಜೊತೆ ಅಡುಗೆ ಕಲಿಸೋದು, ಫುಟ್‌ಬಾಲ್ ಕ್ಲಬ್ಬಿನವರಿಂದ ಪಾಠ ಎಲ್ಲ ಮಾಡಿದರು. 2018ರಲ್ಲಿ ಫಲಿತಾಂಶ ಬಂತು: ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸೋತ ಪ್ರಯೋಗವನ್ನೂ ಹೀಗೆ ಮುಚ್ಚಿಡದೆ ಹೇಳ್ತಾರಲ್ಲ, ಅದು ನನಗೆ ಇಷ್ಟ.

ಕೆಲಸ ಮಾಡಿದ್ದು ಯಾವುದು ಅಂದರೆ, ಸಿಹಿ ಪಾನೀಯ ತಪ್ಪಿಸಿದ್ದು. ನೆದರ್ಲೆಂಡ್ಸ್‌ನಲ್ಲಿ 641 ಶಾಲಾ ಮಕ್ಕಳಿಗೆ ದಿನಾ ಒಂದು ಡಬ್ಬಿ, 250 ಮಿಲಿಲೀಟರ್ ಪಾನೀಯ ಕೊಟ್ಟರು. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಅರ್ಧ ಮಕ್ಕಳಿಗೆ ಸಕ್ಕರೆ ಇಲ್ಲದ್ದು. ಯಾವುದು ಯಾರಿಗೆ ಅಂತ ಕುಡಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಒಂದೂವರೆ ವರ್ಷದಲ್ಲಿ ಸಕ್ಕರೆಯ ಗುಂಪಿನವರು ಸರಾಸರಿ 7.37 ಕೆಜಿ ಏರಿದರು, ಇನ್ನೊಂದು ಗುಂಪು 6.35. ದಿನಕ್ಕೆ ಒಂದೇ ಡಬ್ಬಿಯಿಂದ ಒಂದು ಕೆಜಿ ವ್ಯತ್ಯಾಸ. ಕುಡಿಯೋ ನೀರು ತಣ್ಣಗೆ, ಚೊಕ್ಕಟ ಸಿಗೋ ಹಾಗೆ ಮಾಡಿ, ಅರ್ಧ ಕೆಲಸ ಆಗುತ್ತದೆ. ವಿಜಯಪುರದ ಬಿಸಿಲಲ್ಲಿ ನಲ್ಲಿಯಲ್ಲಿ ಬಿಸಿನೀರು ಬಂದರೆ ಮಕ್ಕಳು ಬಣ್ಣದ ಪೆಪ್ಸಿಗೇ ಓಡ್ತಾರೆ, ಅದರಲ್ಲಿ ಅವರ ತಪ್ಪೇನು?

ಎದುರಿನ ಅಂಗಡಿಗೆ ಕಾನೂನಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಲ್ಲಿ, ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರೋ ಹಾಗಿಲ್ಲ. ಆದರೆ ಆ ಅಂಗಡಿಯವರು ನಿಮ್ಮ ಊರಿನವರೇ, ಅವರ ಮಕ್ಕಳೂ ನಿಮ್ಮ ಶಾಲೆಯಲ್ಲೇ ಇರಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕರೆದು, ಶೇಂಗಾ, ಪೇರಲಕಾಯಿ, ಸೌತೆಕಾಯಿ, ಮಜ್ಜಿಗೆ ಇಡಿ ಅಂತ ಕೇಳಿ. ನೋಟಿಸು ಆಮೇಲೆ. ಚಿಲಿ ದೇಶ 2016ರಲ್ಲಿ ಗಟ್ಟಿ ಕಾನೂನು ತಂತು, ಪ್ಯಾಕೆಟ್ ಮೇಲೆ ಕಪ್ಪು ಎಚ್ಚರಿಕೆ ಗುರುತು, ಶಾಲೆಯಲ್ಲಿ ಮಾರಾಟ ಬಂದ್. ಸಿಹಿ ಪಾನೀಯ ಕೊಳ್ಳೋದು ಶೇ 24ರಷ್ಟು ಇಳಿಯಿತು. ಪಾಠಕ್ಕಿಂತ ಅಂಗಡಿಯಲ್ಲಿ ಸಿಗದಿರೋದು ದೊಡ್ಡದು ಅಂತ ನನಗೆ ಅನಿಸೋದು ಇದಕ್ಕೇ.

ಇನ್ನೊಂದು, ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಸಾಲ ಕೊಡಬೇಡಿ. ತೂಕ ಇಳಿಯದಿದ್ದರೂ ಆಟದಿಂದ ಎದೆ, ಎಲುಬು, ಮನಸ್ಸು ಎಲ್ಲಕ್ಕೂ ಒಳ್ಳೆಯದು. ದಿನಕ್ಕೆ ಒಂದು ತಾಸು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಪ್ಪ ಮಕ್ಕಳನ್ನು ಅಂಪೈರ್ ಮಾಡಿ ಕೂರಿಸಬೇಡಿ.

ಪ್ರಶ್ನೆ: ಮಗಳಿಗೆ 14 ವರ್ಷ, 92 ಕೆಜಿ. ಮುಟ್ಟು ಸರಿಯಾಗಿ ಆಗ್ತಿಲ್ಲ. ಎಲ್ಲ ಮಾಡಿ ನೋಡಿದೆವು. ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಂತಲ್ಲ, ಪರಿಚಯದ ಮೆಡಿಕಲ್ ಶಾಪಿನವರು ತರಿಸಿಕೊಡ್ತೀನಿ ಅಂತಿದ್ದಾರೆ. ಕೊಡಿಸಲಾ? ನಮ್ಮದು ಸೋದರಿಕೆಯ ಮದುವೆ, ಅದರಿಂದೇನಾದರೂ ಹೀಗಾಯಿತಾ?
ಒಬ್ಬ ತಂದೆ, ಬೆಳಗಾವಿ

ಉತ್ತರ: ಮೆಡಿಕಲ್ ಶಾಪಿನವರಿಂದ ಬೇಡವೇ ಬೇಡ ಅಣ್ಣಾರೇ. ಔಷಧಿ ಸುಳ್ಳಲ್ಲ. ಸೆಮಾಗ್ಲುಟೈಡ್ ಅನ್ನೋ ಇಂಜೆಕ್ಷನ್ನನ್ನು 12ರಿಂದ 17 ವರ್ಷದ 201 ಮಕ್ಕಳಲ್ಲಿ 68 ವಾರ ನೋಡಿದ್ದಾರೆ, ವಾರಕ್ಕೊಂದು ಚುಚ್ಚುಮದ್ದು. 2022ರ ಆ ವರದಿ ಪ್ರಕಾರ ಬಿಎಂಐ ಸರಾಸರಿ ಶೇ 16ರಷ್ಟು ಇಳಿಯಿತು, ಬರೀ ನೀರಿನಂಥ ಚುಚ್ಚುಮದ್ದು ಪಡೆದವರಲ್ಲಿ ಇಳಿಯಲೇ ಇಲ್ಲ. ಮಕ್ಕಳ ಬೊಜ್ಜಿನಲ್ಲಿ ಇಷ್ಟು ಕೆಲಸ ಮಾಡಿದ ಔಷಧಿ ಹಿಂದೆ ಇರಲಿಲ್ಲ. ಆದರೆ ವಾಂತಿ, ಹೊಟ್ಟೆ ತೊಳಸೋದು ಬಹಳ ಮಕ್ಕಳಿಗೆ ಆಯಿತು, ಶೇ 4ರಷ್ಟು ಮಕ್ಕಳಿಗೆ ಪಿತ್ತಕೋಶದಲ್ಲಿ ಕಲ್ಲು. ಎರಡೂ ಗುಂಪಿಗೆ ಊಟ, ವ್ಯಾಯಾಮದ ಸಲಹೆ ಜೊತೆಗೇ ನಡೆದಿತ್ತು. ಬಿಟ್ಟರೆ ತೂಕ ವಾಪಸ್ ಬರೋದೇ ಜಾಸ್ತಿ, ಹಾಗಾಗಿ ಎಷ್ಟು ವರ್ಷ, ಎಷ್ಟು ಖರ್ಚು ಅಂತ ಮೊದಲೇ ಕೂತು ಮಾತಾಡಬೇಕು. ಇದನ್ನು ಮಕ್ಕಳ ಹಾರ್ಮೋನ್ ತಜ್ಞರು ಮಗುವನ್ನು ನೋಡಿ ತೀರ್ಮಾನಿಸಬೇಕು. ಮುಟ್ಟಿನ ತೊಂದರೆಗೂ ಅವರೇ ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ), ಸಕ್ಕರೆ ಎಲ್ಲ ನೋಡುತ್ತಾರೆ.

ಸೋದರಿಕೆಯ ಪ್ರಶ್ನೆ ಚೆನ್ನಾಗಿ ಕೇಳಿದಿರಿ. 1997ರಲ್ಲಿ ಕೇಂಬ್ರಿಡ್ಜ್‌ನ ಸದಾಫ್ ಫಾರೂಖಿ, ಸ್ಟೀಫನ್ ಒ'ರಾಹಿಲಿ ತಂಡ ಪಾಕಿಸ್ತಾನ ಮೂಲದ ಒಂದು ಬಳಗದ ಇಬ್ಬರು ಮಕ್ಕಳ ಬಗ್ಗೆ ಬರೆದಿತ್ತು. ಎಂಟು ವರ್ಷದ ಹುಡುಗಿ 86 ಕೆಜಿ, ಎರಡು ವರ್ಷದ ಹುಡುಗ 29 ಕೆಜಿ. ಅವರ ತಂದೆತಾಯಿಯದ್ದೂ ರಕ್ತಸಂಬಂಧದ ಮದುವೆ. "ಸಾಕು" ಅಂತ ಮಿದುಳಿಗೆ ಹೇಳುವ ಲೆಪ್ಟಿನ್ ಅನ್ನೋ ಹಾರ್ಮೋನು ಆ ಮಕ್ಕಳಲ್ಲಿ ಇರಲೇ ಇಲ್ಲ. ಅದನ್ನೇ ಇಂಜೆಕ್ಷನ್ ಕೊಟ್ಟಾಗ ಆ ಹುಡುಗಿ ಒಂದು ವರ್ಷದಲ್ಲಿ 16 ಕೆಜಿ ಇಳಿದಳು. ಮಗಳು ಮೊದಲ ವರ್ಷದಲ್ಲೇ ವಿಪರೀತ ದಪ್ಪ ಆಗಿದ್ದಳಾ, ಎಷ್ಟು ತಿಂದರೂ ತೀರದ ಹಸಿವು ಇತ್ತಾ? ಹೌದು ಅಂದರೆ ಜೀನ್ ಪರೀಕ್ಷೆ ಬಗ್ಗೆ ಕೇಳಿ. ಇಂಥದ್ದು ಬಹಳ ಅಪರೂಪ. ಹತ್ತನೇ ವರ್ಷದ ಮೇಲೆ ಏರಿದ ತೂಕ ಆದರೆ ಸೋದರಿಕೆಯನ್ನು ದೂರಬೇಡಿ, ಮನೆಯಲ್ಲಿ ಒಬ್ಬರ ಮೇಲೊಬ್ಬರು ಹಾಕಿಕೊಳ್ಳೋದು ಶುರು ಆಗುತ್ತದೆ ಅಷ್ಟೇ.

ಪ್ರಶ್ನೆ: ನನಗೆ 13. ಎಲ್ಲರೂ ಡುಮ್ಮ ಅಂತಾರೆ. ನಮ್ಮ ಕಾಕಾನೂ. ಊಟ ಬಿಟ್ಟರೆ ಬೇಗ ಕಡಿಮೆ ಆಗ್ತೀನಾ?
ಇಳಕಲ್

ಉತ್ತರ: ಇಲ್ಲಪ್ಪಾ. ಮಧ್ಯಾಹ್ನ ಬಿಟ್ಟರೆ ಸಂಜೆ ಹಸಿವು ತಡೆಯದೆ ಜಾಸ್ತಿ ತಿಂತೀಯ, ಬಹಳ ಜನರಿಗೆ ಹಾಗೇ ಆಗೋದು. ನಿನ್ನ ಕಾಕಾಗೆ ಇದನ್ನು ಓದೋಕೆ ಕೊಡು: ಕಾಕಾರೇ, ತೂಕದ ಬಗ್ಗೆ ಛೇಡಿಸಿಕೊಂಡ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಅವರ ತೂಕ ಉಳಿದವರಿಗಿಂತ ಜಾಸ್ತಿಯೇ ಏರಿತ್ತು. ಪ್ರೀತಿ ಇದ್ದರೆ ಸಂಜೆ ಅವನ ಜೊತೆ ಕಬಡ್ಡಿ ಆಡಿ, ಇಲ್ಲ ಸೈಕಲ್ ಕೊಡಿಸಿ. ತಮ್ಮಾ, ನಿನಗೆ ಒಂದೇ ಕೆಲಸ ಹೇಳ್ತೀನಿ. ಬಾಟಲಿ ಪಾನೀಯ ಬಿಡು, ಉಳಿದದ್ದನ್ನು ಮನೆಯವರು ಮಾಡಲಿ.

ಪ್ರಶ್ನೆ: ಮಕ್ಕಳ ತೂಕ ನೋಡೋಕೆ ಮನೆಗೆ ಮಷಿನ್ ತರಬೇಕಾ?
ಅಥಣಿ

ಉತ್ತರ: ಬೇಡ. ದಿನಾ ಹತ್ತಿ ಇಳಿದು ಮಗು ಹೆದರುತ್ತದೆ, ನೀವೂ ಜಗಳ ಆಡ್ತೀರಿ. ಒಂದು ಅಳತೆ ಟೇಪು ಸಾಕು. ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿ, ಅದೇ ಟೇಪಿನಿಂದ ಸೊಂಟ ಅಳೆಯಿರಿ. ಆರು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಜಾಸ್ತಿ ಬಂದರೆ ಡಾಕ್ಟರ ಹತ್ತಿರ ಹೋಗಿ, ತೂಕ ಅಲ್ಲೇ ನೋಡಿಸಿ.